ಒಂದೇ ಅಂಕಿ, ಎರಡು ಖಾತೆ: ಅಲ್ಕಲೈನ್ ಫಾಸ್ಫಟೇಸ್ ಪರೀಕ್ಷೆಯನ್ನು ಓದುವ ಬಗೆ

ವೈದ್ಯಕೀಯ ತಪಾಸಣೆಯ ವರದಿಯೆಂಬುದು ಇಂದು ಮಹಾನಗರವಾಸಿಯ ಪಾಲಿಗೆ ಆದಾಯ ತೆರಿಗೆಯ ಪತ್ರದಷ್ಟೇ ಅನಿವಾರ್ಯವಾದ ಕಾಗದವಾಗಿ ಪರಿಣಮಿಸಿದೆ. ನಲವತ್ತು ದಾಟಿದ ನೌಕರನಿಗೆ ಎಷ್ಟೋ ಕಚೇರಿಗಳು ತಾವೇ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುತ್ತವೆ. ವಿಮಾ ಸಂಸ್ಥೆಯವರು ದೊಡ್ಡ ಮೊತ್ತದ ಪಾಲಿಸಿ ಕೊಡುವ ಮೊದಲು ರಕ್ತ ಕೇಳುತ್ತಾರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕೊಟ್ಟ ರಕ್ತದ ಲೆಕ್ಕಾಚಾರ ಸಂಜೆಯೊಳಗೆ ಮೊಬೈಲ್ ಫೋನಿಗೇ ಬಂದು ಬೀಳುತ್ತದೆ. ಸಕ್ಕರೆ, ಕೊಲೆಸ್ಟರಾಲ್, ಹಿಮೋಗ್ಲೋಬಿನ್ ಎಂಬ ಹೆಸರುಗಳು ಈಗ ಮನೆಮಾತಾಗಿವೆ. ಅವುಗಳ ಏರಿಳಿತ ಯಾರನ್ನೂ ದಿಗ್ಭ್ರಮೆಗೊಳಿಸುವುದಿಲ್ಲ. ಆದರೆ ಲಿವರ್ ಪರೀಕ್ಷೆಯ ಶಿರೋನಾಮೆಯ ಕೆಳಗೆ, ಬಿಲಿರುಬಿನ್, ಎಸ್‌ಜಿಪಿಟಿ ಇತ್ಯಾದಿಗಳ ನಡುವೆ, ಅಲ್ಕಲೈನ್ ಫಾಸ್ಫಟೇಸ್ ಎಂಬೊಂದು ಸಾಲಿದೆ. ಅದರ ಮುಂದಿನ ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿ ಬಂದಿತೆಂದರೆ ಮನೆಯ ನೆಮ್ಮದಿ ಕದಡಿತೆಂದೇ ಅರ್ಥ. ಲಿವರ್ ಕೆಟ್ಟಿತೆಂದು ಒಬ್ಬರು, ಕುಡಿತದ ಫಲವೆಂದು ಇನ್ನೊಬ್ಬರು, ಊರಿನ ಬೇರು ಔಷಧಿಯೇ ಇದಕ್ಕೆ ಮದ್ದೆಂದು ಮತ್ತೊಬ್ಬರು ತೀರ್ಪು ಕೊಡತೊಡಗುತ್ತಾರೆ. ಆ ಅಂಕಿ ಲಿವರಿನದೇ ಅಲ್ಲದಿರಬಹುದೆಂಬ ಸಂಗತಿ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ದೇಹದೊಳಗೆ ನಡೆಯುವ ಅಸಂಖ್ಯ ರಾಸಾಯನಿಕ ಕ್ರಿಯೆಗಳನ್ನು ಶೀಘ್ರಗೊಳಿಸುವ ಪ್ರೋಟೀನುಗಳಿಗೆ ಕಿಣ್ವಗಳೆಂದು ಹೆಸರು. ತಾವು ವ್ಯಯವಾಗದೆ ವ್ಯವಹಾರವನ್ನು ಕುದುರಿಸುವ ದಲಾಲರೆಂದು ಅವುಗಳನ್ನು ಕರೆದರೆ ತಪ್ಪಾಗದು. ಅಲ್ಕಲೈನ್ ಫಾಸ್ಫಟೇಸ್ ಅಂತಹ ಒಂದು ಕಿಣ್ವ. ವರದಿಗಳಲ್ಲಿ ಇದನ್ನು ಎಎಲ್‌ಪಿ ಎಂದು ಚಿಕ್ಕದಾಗಿ ಬರೆಯುವುದುಂಟು. ಫಾಸ್ಫೇಟ್ ಅಂಟಿಕೊಂಡಿರುವ ವಸ್ತುವಿನಿಂದ ಆ ಫಾಸ್ಫೇಟನ್ನು ಬಿಡಿಸುವುದು ಇದರ ಕಸುಬು. ಕ್ಷಾರಗುಣವುಳ್ಳ ದ್ರಾವಣದಲ್ಲಿ ಇದು ಅತ್ಯಂತ ಚುರುಕಾಗಿ ಕೆಲಸ ಮಾಡುವುದರಿಂದ ಈ ಹೆಸರು. ಯಕೃತ್ತು, ಮೂಳೆ, ಕರುಳು, ಮೂತ್ರಪಿಂಡ ಮತ್ತು ಗರ್ಭಿಣಿಯರ ಮಾಸು, ಈ ಎಲ್ಲ ಕಡೆಗಳಲ್ಲಿಯೂ ಇದು ಉಂಟು. ಆದರೆ ಆರೋಗ್ಯವಂತನ ರಕ್ತದಲ್ಲಿ ತೇಲುವ ಎಎಲ್‌ಪಿಯ ಬಹುಪಾಲು ಯಕೃತ್ತು ಮತ್ತು ಮೂಳೆ ಎಂಬ ಎರಡು ಶಾಖೆಗಳಿಂದ ಜಮೆಯಾದದ್ದು. ಪ್ರಯೋಗಶಾಲೆ ನಮಗೆ ಕೊಡುವುದು ಎರಡೂ ಶಾಖೆಗಳ ಒಟ್ಟು ಮೊತ್ತವನ್ನು. ಶಾಖಾವಾರು ವಿವರವಿಲ್ಲದ ಕ್ರೋಡೀಕೃತ ತಖ್ತೆಯನ್ನು ನೋಡಿ, ನಷ್ಟ ಯಾವ ಶಾಖೆಯದೆಂದು ಹೇಳಲಾಗುವುದೇ? ಈ ಪರೀಕ್ಷೆಯ ಸಕಲ ಗೊಂದಲಕ್ಕೂ ಮೂಲ ಇಲ್ಲಿಯೇ ಇದೆ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿದ್ದ ರಾಬರ್ಟ್ ರಾಬಿಸನ್ ಎಂಬ ವಿಜ್ಞಾನಿ 1923ರಲ್ಲಿ, ಬೆಳೆಯುತ್ತಿರುವ ಎಳೆಯ ಪ್ರಾಣಿಗಳ ಮೂಳೆಯಲ್ಲಿ ಈ ಕಿಣ್ವ ಹೇರಳವಾಗಿರುವುದನ್ನು ಕಂಡು, ಮೂಳೆಯಲ್ಲಿ ಸುಣ್ಣ ಕೂಡುವುದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಊಹಿಸಿದನು. ಕೆಲವೇ ವರ್ಷಗಳಲ್ಲಿ ಎಚ್. ಡಿ. ಕೇ ಎಂಬಾತನು ಮೂಳೆಯ ರೋಗಗಳಲ್ಲಿ ರಕ್ತದಲ್ಲಿಯೂ ಇದು ಏರುವುದನ್ನು ತೋರಿಸಿದನು. ಪಿತ್ತನಾಳ ಕಟ್ಟಿಕೊಂಡ ಕಾಮಾಲೆಯಲ್ಲಿಯೂ ಇದೇ ಏರಿಕೆ ಉಂಟೆಂಬುದು 1930ರ ದಶಕದ ಆರಂಭದಲ್ಲಿ ಬೆಳಕಿಗೆ ಬಂದಿತು. ಎಂದರೆ ಇಂದು ಲಿವರ್ ಪರೀಕ್ಷೆಯೆಂದೇ ಪ್ರಸಿದ್ಧವಾಗಿರುವ ಇದು ಹುಟ್ಟಿನಿಂದ ಮೂಳೆಯ ಪರೀಕ್ಷೆ. ಪ್ರಸಂಗವಶಾತ್ ಒಂದು ಮಾತು: ಅದೇ ಕೇ ಮಹಾಶಯನು ಗ್ರಹಾಮ್ ಎಂಬವನೊಡಗೂಡಿ 1935ರ ಸುಮಾರಿಗೆ ಹಾಲಿನ ಪರೀಕ್ಷೆಯೊಂದನ್ನು ರೂಪಿಸಿದನು. ಹಸಿ ಹಾಲಿನಲ್ಲಿ ಈ ಕಿಣ್ವವಿರುತ್ತದೆ. ಸರಿಯಾಗಿ ಪಾಶ್ಚರೀಕರಿಸಿದ ಹಾಲಿನಲ್ಲಿ ಶಾಖದಿಂದ ನಾಶವಾಗಿರುತ್ತದೆ. ಪ್ರತಿದಿನ ಮುಂಜಾನೆ ಬಾಗಿಲಿಗೆ ಬರುವ ಹಾಲಿನ ಪೊಟ್ಟಣದ ನಂಬಿಕೆಯ ಹಿಂದೆ ಇದೇ ಫಾಸ್ಫಟೇಸ್ ನಿಂತಿದೆಯೆಂಬುದು ಸ್ವಾರಸ್ಯಕರ.

ಹಳೆಯ ಕಡತಗಳನ್ನು ಜೋಪಾನ ಮಾಡುವವರಿಗೆ ಇನ್ನೊಂದು ಗೊಂದಲ ಎದುರಾಗುವುದುಂಟು. ತಂದೆಯವರ ಕಾಲದ ವರದಿಯಲ್ಲಿ 10 ಎಂದಿದ್ದರೆ ಮಗನ ವರದಿಯಲ್ಲಿ 90 ಎಂದಿರುತ್ತದೆ. ಹಿಂದೆ ಕಿಂಗ್ ಮತ್ತು ಆರ್ಮ್‌ಸ್ಟ್ರಾಂಗ್ ಎಂಬವರು 1934ರಲ್ಲಿ ರೂಪಿಸಿದ ಮಾನದಲ್ಲಿ ಇದನ್ನು ಅಳೆಯುತ್ತಿದ್ದರು. ಅದರಲ್ಲಿ 3ರಿಂದ 13 ಸಹಜ ಮಿತಿ. ಆ ಮಾನದ ಒಂದು ಘಟಕ ಇಂದಿನ ಅಂತರರಾಷ್ಟ್ರೀಯ ಮಾನದ ಸುಮಾರು 7 ಘಟಕಗಳಿಗೆ ಸಮ. 1957ರಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಾಗ ಹದಿನಾರರ ಜಾಗದಲ್ಲಿ ನೂರು ಬಂದಿತಲ್ಲದೆ ರೂಪಾಯಿಯೇನೂ ಹಿಗ್ಗಲಿಲ್ಲ, ಇಲ್ಲಿಯೂ ಹಾಗೆಯೇ. ಈಗ ಪ್ರೌಢರಲ್ಲಿ ಲೀಟರಿಗೆ ಸುಮಾರು 40ರಿಂದ 130 ಘಟಕಗಳನ್ನು ಸಹಜವೆಂದು ಎಣಿಸುತ್ತಾರೆ. ವಿಧಾನಕ್ಕೆ ತಕ್ಕಂತೆ ಈ ಮಿತಿ ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಬದಲಾಗುವುದರಿಂದ, ವರದಿಯ ಅಂಚಿನಲ್ಲಿ ಅಚ್ಚಾದ ಮಿತಿಯೊಡನೆಯೇ ಅಂಕಿಯನ್ನು ಹೋಲಿಸತಕ್ಕದ್ದು. ದಾದರಿನ ಒಂದು ಪ್ರಯೋಗಶಾಲೆಯ ಅಂಕಿಯನ್ನು ಮಣಿಪಾಲದ ಇನ್ನೊಂದರ ಅಂಕಿಯೊಡನೆ ತೂಗಿ ರೋಗ ಏರಿತು, ಇಳಿಯಿತು ಎಂದು ನಿರ್ಣಯಿಸುವುದು ಸಾಧುವಲ್ಲ.

ಈಗ ಯಕೃತ್ತಿನ ಖಾತೆಯನ್ನು ತೆರೆಯಬಹುದು. ಯಕೃತ್ತಿನ ರೋಗಗಳನ್ನು ಸ್ಥೂಲವಾಗಿ ಎರಡು ಬಗೆಯೆನ್ನಬಹುದು. ಮೊದಲನೆಯದು ಯಕೃತ್ತಿನ ಕೋಶಗಳಿಗೇ ಪೆಟ್ಟು ಬೀಳುವುದು: ವೈರಸ್ಸಿನ ಸೋಂಕು, ಕೆಲವು ಔಷಧಿಗಳ ವಿಷ, ಮದ್ಯ ಇತ್ಯಾದಿಗಳಿಂದ. ಆಗ ಕೋಶಗಳೊಡೆದು ಎಸ್‌ಜಿಪಿಟಿ ಮತ್ತು ಎಸ್‌ಜಿಓಟಿ ಎಂಬ ಕಿಣ್ವಗಳು ರಕ್ತಕ್ಕೆ ಚೆಲ್ಲುತ್ತವೆ. ಎರಡನೆಯದು ಪಿತ್ತರಸದ ಹರಿವು ತಡೆಯಾಗುವುದು: ನಾಳದಲ್ಲಿ ಕಲ್ಲು ಸಿಕ್ಕಿಕೊಂಡೋ, ಮೇದೋಜೀರಕಾಂಗದ ತಲೆಯಲ್ಲಿ ಗಡ್ಡೆ ಬೆಳೆದು ನಾಳವನ್ನು ಒತ್ತಿಯೋ, ಔಷಧಿಯಿಂದ ಹರಿವೇ ಮಂದವಾಗಿಯೋ. ಪಿತ್ತ ಸಾಗುವ ಸೂಕ್ಷ್ಮ ಕಾಲುವೆಗಳ ಅಂಚಿನಲ್ಲಿಯೇ ಎಎಲ್‌ಪಿ ನೆಲೆಸಿರುತ್ತದೆ. ಹರಿವು ತಡೆಯಾದಾಗ ಯಕೃತ್ತು ಈ ಕಿಣ್ವವನ್ನು ಹೊಸದಾಗಿ ಹೆಚ್ಚು ಹೆಚ್ಚು ತಯಾರಿಸತೊಡಗುತ್ತದೆ. ಅದು ರಕ್ತಕ್ಕೆ ಇಳಿದು ಅಂಕಿ ಮಿತಿಯ ಮೂರು ನಾಲ್ಕು ಪಟ್ಟು ಏರುತ್ತದೆ. ಯಕೃತ್ತಿನ ಒಂದು ಭಾಗದ ನಾಳ ಮಾತ್ರ ಕಟ್ಟಿದ್ದರೆ ಕಣ್ಣು ಹಳದಿಯಾಗದೆ, ಬಿಲಿರುಬಿನ್ ಏರದೆ, ಎಎಲ್‌ಪಿಯೊಂದೇ ಮುಂಚಿತವಾಗಿ ಗಂಟೆ ಬಾರಿಸುವುದುಂಟು. ಯಕೃತ್ತಿನಲ್ಲಿ ಕ್ಷಯದ ಗಂಟುಗಳಿದ್ದಾಗ, ಬೇರೆಡೆಯ ಕ್ಯಾನ್ಸರ್ ಅಲ್ಲಿಗೆ ಹರಡಿದಾಗಲೂ ಇದೇ ಪರಿಸ್ಥಿತಿ.

ಈ ಎರಡು ಬಗೆಗಳನ್ನು ಬೇರ್ಪಡಿಸಲು ವೈದ್ಯರು ಬಳಸುವ ಸುಲಭ ಲೆಕ್ಕವೊಂದಿದೆ. ಲೆಕ್ಕಪತ್ರ ಬಲ್ಲವರಿಗೆ ಇದು ಹಿಡಿಸದೆ ಇರದು. ಎಸ್‌ಜಿಪಿಟಿ ತನ್ನ ಗರಿಷ್ಠ ಮಿತಿಯ ಎಷ್ಟು ಪಟ್ಟು ಎಂಬುದನ್ನು, ಎಎಲ್‌ಪಿ ತನ್ನ ಗರಿಷ್ಠ ಮಿತಿಯ ಎಷ್ಟು ಪಟ್ಟು ಎಂಬುದರಿಂದ ಭಾಗಿಸಬೇಕು. ಭಾಗಲಬ್ಧ 5ಕ್ಕಿಂತ ಹೆಚ್ಚಾದರೆ ಪೆಟ್ಟು ಕೋಶಗಳಿಗೆ. 2ಕ್ಕಿಂತ ಕಡಿಮೆಯಾದರೆ ತಡೆ ಪಿತ್ತದ ಹರಿವಿಗೆ. ನಡುವೆ ಇದ್ದರೆ ಮಿಶ್ರ. ಎಸ್‌ಜಿಪಿಟಿಯ ಮಿತಿ 40, ಎಎಲ್‌ಪಿಯ ಮಿತಿ 130 ಎಂದಿಟ್ಟುಕೊಳ್ಳೋಣ. ಒಬ್ಬ ರೋಗಿಗೆ ಎಸ್‌ಜಿಪಿಟಿ 1600, ಎಎಲ್‌ಪಿ 195. ಮೊದಲನೆಯದು 40 ಪಟ್ಟು, ಎರಡನೆಯದು ಒಂದೂವರೆ ಪಟ್ಟು. ಭಾಗಲಬ್ಧ ಸುಮಾರು 27. ಇದು ಬಹುಶಃ ವೈರಸ್ಸಿನ ಕಾಮಾಲೆ. ಇನ್ನೊಬ್ಬರಿಗೆ ಎಸ್‌ಜಿಪಿಟಿ 80, ಎಎಲ್‌ಪಿ 520. ಎರಡು ಪಟ್ಟನ್ನು ನಾಲ್ಕು ಪಟ್ಟಿನಿಂದ ಭಾಗಿಸಿದರೆ ಅರ್ಧ. ಇಬ್ಬರ ಕಣ್ಣೂ ಹಳದಿಯೇ. ಆದರೆ ಇಬ್ಬರ ರೋಗಕ್ಕೂ ಅಜಗಜಾಂತರ.

ಪರವೂರಿನಲ್ಲಿರುವ ಕನ್ನಡಿಗರು ಈ ಅಂತರವನ್ನು ವಿಶೇಷವಾಗಿ ಮನಗಾಣಬೇಕಾದ ಕಾರಣವಿದೆ. ಕಾಮಾಲೆಯೆಂದೊಡನೆ ನಮ್ಮಲ್ಲಿ ಮೊದಲು ನೆನಪಾಗುವುದು ಕಿರುನೆಲ್ಲಿ, ಮತ್ತು ಊರಿನಲ್ಲಿ ಗುಟ್ಟಾಗಿ ಬೇರು ಅರೆದು ಕೊಡುವ ಯಾವುದೋ ಮನೆತನ. ಮುಂಬಯಿಯಿಂದ ರಾತ್ರಿಯ ಬಸ್ಸು ಹತ್ತಿ ಔಷಧಿಗಾಗಿಯೇ ಊರಿಗೆ ಹೋಗಿ ಬರುವವರು ಇಂದಿಗೂ ಇದ್ದಾರೆ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುತೇಕ ತಾನಾಗಿಯೇ ಕೆಲವು ವಾರಗಳಲ್ಲಿ ವಾಸಿಯಾಗುವ ರೋಗ. ಆ ವಾರಗಳಲ್ಲಿ ಏನು ಕುಡಿದಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಹೀಗೆ ಗಳಿಸಿದ ಕೀರ್ತಿಯನ್ನು ನಂಬಿ, ನಾಳ ಕಟ್ಟಿದ ಕಾಮಾಲೆಯವನೂ ಅದೇ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಅವನ ನಾಳದಲ್ಲಿರುವ ಕಲ್ಲನ್ನು ಯಾವ ಬೇರೂ ಕರಗಿಸದು. ಪಥ್ಯದ ಗಂಜಿ ಉಣ್ಣುತ್ತ ಕಳೆದ ಆರು ವಾರಗಳಲ್ಲಿ ನಾಳದೊಳಗೆ ಸೋಂಕೇರಿ ಚಳಿಜ್ವರ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಗಡ್ಡೆಯಾಗಿದ್ದರಂತೂ ಶಸ್ತ್ರಚಿಕಿತ್ಸೆಯ ಅವಕಾಶವೇ ಕೈತಪ್ಪಬಹುದು. ಮಲ ಬಿಳಿಚಿ ಜೇಡಿಮಣ್ಣಿನ ಬಣ್ಣಕ್ಕೆ ತಿರುಗಿದ್ದರೆ, ಮೂತ್ರ ಕಡುಚಹದಂತಿದ್ದರೆ, ಮೈಯೆಲ್ಲ ತುರಿಕೆಯಿದ್ದು ರಾತ್ರಿ ನಿದ್ದೆ ಬಾರದಿದ್ದರೆ, ಅದರ ಮೇಲೆ ಎಎಲ್‌ಪಿ ಹಲವು ಪಟ್ಟು ಏರಿದ್ದರೆ, ಬಸ್ಸಿನ ಟಿಕೀಟಿನ ಮೊದಲು ಹೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆ ಆಗತಕ್ಕದ್ದು. ನಾಳದ ಕಲ್ಲನ್ನು ಇಂದು ಬಾಯಿಯ ಮೂಲಕ ದುರ್ಬೀನು ಇಳಿಸಿ, ಹೊಟ್ಟೆ ಕೊಯ್ಯದೆಯೇ ತೆಗೆಯುತ್ತಾರೆ. ನೋವಿಲ್ಲದ ಕಾಮಾಲೆಯನ್ನು ಜನರು ಸೌಮ್ಯವೆಂದು ಭಾವಿಸುವುದು ಇನ್ನೊಂದು ವಿಪರ್ಯಾಸ. ನಡುವಯಸ್ಸು ದಾಟಿದವರಲ್ಲಿ ನೋವಿಲ್ಲದೆ ಏರುವ, ದೇಹ ಇಳಿಸುವ ಕಾಮಾಲೆಗೇ ವೈದ್ಯರು ಹೆಚ್ಚು ಅಂಜುತ್ತಾರೆ.

ಎರಡನೆಯ ಖಾತೆ ಮೂಳೆಯದು. ಮೂಳೆಯೆಂದರೆ ಒಮ್ಮೆ ಕಟ್ಟಿ ಬಿಟ್ಟ ಕಲ್ಲುಗಂಬವಲ್ಲ. ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಜೀವನಪರ್ಯಂತ ದುಡಿಯುತ್ತಲೇ ಇರುತ್ತವೆ. ಎಎಲ್‌ಪಿಯನ್ನು ಒಸರುವುದು ಕಟ್ಟುವ ಕೋಶಗಳು ಮಾತ್ರ. ಆದ್ದರಿಂದಲೇ ಬೆಳೆಯುವ ಮಕ್ಕಳಲ್ಲಿ ಇದು ಪ್ರೌಢರ ಎರಡು ಮೂರು ಪಟ್ಟು ಇರುತ್ತದೆ. ಹದಿಹರೆಯದಲ್ಲಿ ಹುಡುಗ ಇದ್ದಕ್ಕಿದ್ದಂತೆ ಉದ್ದವಾಗುವ ವರ್ಷಗಳಲ್ಲಿ ಇನ್ನೂ ಏರುತ್ತದೆ. ಪ್ರೌಢರ ಮಿತಿಯನ್ನೇ ಅಚ್ಚು ಹಾಕಿದ ವರದಿಯನ್ನು ನೋಡಿ, ಹದಿಮೂರು ವರ್ಷದ ಮಗನಿಗೆ ಲಿವರ್ ರೋಗವೆಂದು ಕಂಗಾಲಾಗಿ ವೈದ್ಯರಿಂದ ವೈದ್ಯರಿಗೆ ಅಲೆಯುವುದು ವ್ಯರ್ಥಶ್ರಮ. ಮುರಿದ ಮೂಳೆ ಕೂಡಿಕೊಳ್ಳುವಾಗಲೂ ಅಂಕಿ ಸ್ವಲ್ಪ ಏರುತ್ತದೆ. ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳು ಮಾಸಿನಿಂದ ಬರುವ ಎಎಲ್‌ಪಿ ಸೇರಿ ಮೊತ್ತ ಇಮ್ಮಡಿಯಾಗುವುದು ಸಾಮಾನ್ಯ. ಹೆರಿಗೆಯ ನಂತರ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಇವೆಲ್ಲ ದೇಹದ ನ್ಯಾಯವಾದ ಜಮೆಗಳು.

ಮಹಾನಗರದ ಕನ್ನಡಿಗರ ಮನೆಗಳಲ್ಲಿ ಹೆಚ್ಚಾಗಿ ಕಾಣುವ, ಆದರೆ ಹೆಸರಿಡದೆ ಅನುಭವಿಸುವ ಏರಿಕೆ ಬೇರೊಂದಿದೆ. ಗೃಹಿಣಿಯೊಬ್ಬಳು ಎರಡು ವರ್ಷಗಳಿಂದ ಸೊಂಟ, ತೊಡೆ, ಪಕ್ಕೆಲುಬುಗಳ ನೋವಿನಿಂದ ನರಳುತ್ತಿದ್ದಾಳೆಂದು ಭಾವಿಸೋಣ. ನೆಲದಿಂದ ಏಳಲು ಕೈ ಊರಬೇಕು. ರೈಲ್ವೆ ಸೇತುವೆಯ ಮೆಟ್ಟಿಲು ಹತ್ತುವುದೆಂದರೆ ಸಂಕಟ. ನಡಿಗೆ ಬಾತುಕೋಳಿಯಂತೆ ಅತ್ತಿತ್ತ ತೂಗುತ್ತದೆ. ವಾತವೆಂದು ಎಣ್ಣೆ ತಿಕ್ಕಿದ್ದಾಯಿತು, ಮನಸ್ಸಿನ ರೋಗವೆಂದು ಹಂಗಿಸಿದ್ದೂ ಆಯಿತು. ಎಸ್‌ಜಿಪಿಟಿ, ಬಿಲಿರುಬಿನ್ ಸಹಜ. ಎಎಲ್‌ಪಿ ಮಾತ್ರ 300. ಇದು ಆಸ್ಟಿಯೋಮಲೇಶಿಯಾ, ಎಂದರೆ ಮೂಳೆ ಮೆದುವಾಗುವ ರೋಗ, ಆಗಿರುವ ಸಂಭವ ಬಲವಾಗಿದೆ. ಡಿ ಜೀವಸತ್ವದ ಅಭಾವದಿಂದ ಕರುಳು ಸುಣ್ಣವನ್ನು ಹೀರಿಕೊಳ್ಳಲಾರದು. ಕಟ್ಟುವ ಕೋಶಗಳು ಚೌಕಟ್ಟನ್ನು ಕಟ್ಟುತ್ತಲೇ ಹೋಗುತ್ತವೆ, ಅದಕ್ಕೆ ಗಾರೆ ಮಾತ್ರ ಬೀಳುವುದಿಲ್ಲ. ಫಲಿಸದ ಈ ದುಡಿಮೆಯ ಗುರುತೇ ಏರಿದ ಎಎಲ್‌ಪಿ. ಮಕ್ಕಳಲ್ಲಿ ಇದೇ ಅಭಾವಕ್ಕೆ ರಿಕೆಟ್ಸ್ ಎಂದು ಹೆಸರು.

ಬಿಸಿಲಿನ ನಾಡಿನವರಿಗೆ ಬಿಸಿಲಿನ ಜೀವಸತ್ವದ ಕೊರತೆಯೇ ಎಂದು ಅಚ್ಚರಿಪಡುವವರಿದ್ದಾರೆ. ಚರ್ಮದಲ್ಲಿ ಡಿ ಜೀವಸತ್ವವನ್ನು ಹುಟ್ಟಿಸುವ ನೇರಳಾತೀತ ಕಿರಣ ಗಾಜನ್ನು ದಾಟಿ ಬರುವುದಿಲ್ಲ. ಮುಂಜಾನೆ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಅದು ಅತ್ಯಲ್ಪ. ಎಣ್ಣೆಗೆಂಪು ಅಥವಾ ಕಪ್ಪು ಮೈಬಣ್ಣದವರಿಗೆ ಬಿಳಿಯರಿಗಿಂತ ಹೆಚ್ಚು ಹೊತ್ತಿನ ಬಿಸಿಲು ಬೇಕು. ಏಳು ಗಂಟೆಯ ಲೋಕಲ್ ಹಿಡಿದು, ಕೃತಕ ಬೆಳಕಿನಡಿ ದುಡಿದು, ರಾತ್ರಿ ಎಂಟಕ್ಕೆ ಮರಳುವವನಿಗೂ, ಎದುರು ಕಟ್ಟಡದ ನೆರಳಿನ ಫ್ಲ್ಯಾಟಿನಲ್ಲಿ ದಿನವಿಡೀ ಇರುವವಳಿಗೂ ಆ ಬಿಸಿಲು ಎಲ್ಲಿಂದ ಬರಬೇಕು? ಊರಿನ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ತಾಯಂದಿರು ತಮಗೆ ತಿಳಿಯದೆಯೇ ಇದನ್ನು ಗಳಿಸುತ್ತಿದ್ದರು. ನಾಡು ಬಿಟ್ಟವರಿಗೆ ಈ ಕಷ್ಟ ಹೊಸದೇನೂ ಅಲ್ಲ. ಬ್ರಿಟನ್ನಿನ ಗ್ಲಾಸ್ಗೋ ನಗರದಲ್ಲಿ ನೆಲೆಸಿದ ಪಾಕಿಸ್ತಾನಿ ಕುಟುಂಬಗಳಲ್ಲಿ ಇದೇ ರೋಗವನ್ನು ವೈದ್ಯರು 1962ರಲ್ಲಿಯೇ ವರ್ಣಿಸಿದ್ದರು.

ಚಿಕಿತ್ಸೆ ಅಗ್ಗ, ಫಲ ನಿಶ್ಚಿತ. ಸಾಮಾನ್ಯವಾಗಿ 60,000 ಘಟಕಗಳ ಡಿ ಜೀವಸತ್ವದ ಪುಡಿಯನ್ನೋ ಗುಳಿಗೆಯನ್ನೋ ವಾರಕ್ಕೊಮ್ಮೆ ಎಂಟು ವಾರ, ಜೊತೆಗೆ ಕ್ಯಾಲ್ಸಿಯಂ, ಎಂದು ವೈದ್ಯರು ಬರೆದುಕೊಡುತ್ತಾರೆ. ವಾರಕ್ಕೊಮ್ಮೆಯೆಂಬುದನ್ನು ದಿನಕ್ಕೊಮ್ಮೆಯೆಂದು ಓದಿಕೊಂಡವರು, ಚೀಟಿ ಮುಗಿದರೂ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದವರು ರಕ್ತದಲ್ಲಿ ಸುಣ್ಣವೇರಿ, ಮೂತ್ರಪಿಂಡ ಕೆಡಿಸಿಕೊಂಡು ಆಸ್ಪತ್ರೆ ಸೇರುವುದುಂಟು. ಇನ್ನೊಂದು ಸಂಗತಿಯನ್ನೂ ಮೊದಲೇ ಅರಿತಿರುವುದೊಳ್ಳೆಯದು: ಚಿಕಿತ್ಸೆಯ ಆರಂಭದಲ್ಲಿ ಎಎಲ್‌ಪಿ ಇಳಿಯುವ ಬದಲು ಇನ್ನಷ್ಟು ಏರಬಹುದು. ಬಹುದಿನ ಕಾದಿದ್ದ ಗಾರೆ ಬಂದೊಡನೆ ಕೆಲಸಗಾರರು ಹುರುಪಿನಿಂದ ದುಡಿಯುವಂತೆ ಅದು. ನೋವು ವಾರಗಳಲ್ಲಿ ತಗ್ಗಿದರೂ ಅಂಕಿ ಸಹಜಕ್ಕೆ ಮರಳಲು ತಿಂಗಳುಗಳೇ ಹಿಡಿಯುತ್ತವೆ.

ಮೂರ್ಛೆರೋಗಕ್ಕಾಗಿ ಫೆನಿಟಾಯಿನ್ ಮುಂತಾದ ಗುಳಿಗೆಗಳನ್ನು ವರ್ಷಾನುಗಟ್ಟಲೆ ಸೇವಿಸುವವರಲ್ಲಿಯೂ ಎಎಲ್‌ಪಿ ಏರುವುದುಂಟು. ಆ ಔಷಧಿಗಳು ಡಿ ಜೀವಸತ್ವವನ್ನು ಬೇಗ ಖರ್ಚುಮಾಡುತ್ತವೆ. ಕೋಲಾರ, ಗದಗ ಮೊದಲಾದ ಕಡೆಗಳ ಕೆಲವು ಊರುಗಳಲ್ಲಿ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದವರ ಹಲ್ಲಿನಲ್ಲಿ ಕಲೆ, ಮುಂದೆ ಮೂಳೆಗಳಲ್ಲಿ ಪೆಡಸುತನ ಕಾಣುತ್ತದೆ. ಅವರಲ್ಲಿಯೂ ಅಂಕಿ ಏರಿರಬಹುದು. ಬಾಲ್ಯವನ್ನು ಅಂತಹ ಊರಿನಲ್ಲಿ ಕಳೆದು ಪಟ್ಟಣ ಸೇರಿದವರು ಬೆನ್ನುನೋವಿಗಾಗಿ ವೈದ್ಯರನ್ನು ಕಂಡಾಗ ಊರಿನ ಹೆಸರನ್ನೂ ನೀರಿನ ಸಂಗತಿಯನ್ನೂ ಹೇಳತಕ್ಕದ್ದು. ಮುಂಬಯಿಯ ವೈದ್ಯರು ಅದನ್ನು ತಾವಾಗಿ ಊಹಿಸಲಾರರು. ಅರವತ್ತು ದಾಟಿದ ಪುರುಷರಲ್ಲಿ ಬೆನ್ನುಮೂಳೆಯ ನೋವಿನೊಡನೆ ಎಎಲ್‌ಪಿ ಏರಿದ್ದರೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಹರಡಿದೆಯೋ ಎಂದು ನೋಡುವುದು ಅಗತ್ಯ.

ಹಾಗಾದರೆ ಮೊತ್ತ ಯಾವ ಖಾತೆಯದೆಂದು ಪತ್ತೆ ಹಚ್ಚುವುದು ಹೇಗೆ? ಗಾಮಾ ಜಿಟಿ ಎಂಬ ಇನ್ನೊಂದು ಕಿಣ್ವ ಇಲ್ಲಿ ವೋಚರಿನ ಕೆಲಸ ಮಾಡುತ್ತದೆ. ಅದು ಯಕೃತ್ತಿನಲ್ಲಿ ಉಂಟು, ಮೂಳೆಯಲ್ಲಿ ಇಲ್ಲ. ಎಎಲ್‌ಪಿಯೊಡನೆ ಅದೂ ಏರಿದ್ದರೆ ಯಕೃತ್ತಿನ ಕಡೆ ನೋಡಬೇಕು. ಅದು ಸಹಜವಾಗಿದ್ದು ಎಎಲ್‌ಪಿಯೊಂದೇ ಏರಿದ್ದರೆ ಮೂಳೆಯ ಕಡೆ. ಮದ್ಯಪಾನದಿಂದಲೂ ಮೂರ್ಛೆರೋಗದ ಔಷಧಿಗಳಿಂದಲೂ ಗಾಮಾ ಜಿಟಿ ಏರುವುದರಿಂದ ವೈದ್ಯರೆದುರು ಆ ವಿಷಯದಲ್ಲಿ ಸಂಕೋಚ ಸಲ್ಲದು. ಹಿಂದೆ ರಕ್ತದ ದ್ರವವನ್ನು 56 ಡಿಗ್ರಿಗೆ ಕಾಯಿಸಿ ನೋಡುತ್ತಿದ್ದರು: ಮೂಳೆಯ ಕಿಣ್ವ ಬಹುತೇಕ ನಾಶವಾಗುತ್ತದೆ, ಯಕೃತ್ತಿನದು ಅಷ್ಟಾಗಿ ಕೆಡುವುದಿಲ್ಲ. ಈಗ ಶಾಖಾವಾರು ಬೇರ್ಪಡಿಸುವ ಪರೀಕ್ಷೆಗಳೇ ದೊಡ್ಡ ಪ್ರಯೋಗಶಾಲೆಗಳಲ್ಲಿ ಲಭ್ಯವಿದ್ದರೂ ಅವು ದುಬಾರಿ. ಗಾಮಾ ಜಿಟಿಯಿಂದಲೇ ಬಹುತೇಕ ಪ್ರಶ್ನೆ ತೀರುತ್ತದೆ.

ಸಹಜ ಅಂಕಿ ಬಂದಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಮುಟ್ಟು ನಿಂತ ಸ್ತ್ರೀಯರ ಮೂಳೆಯನ್ನು ಸದ್ದಿಲ್ಲದೆ ಟೊಳ್ಳಾಗಿಸುವ ಆಸ್ಟಿಯೋಪೋರೋಸಿಸ್‌ನಲ್ಲಿ ಎಎಲ್‌ಪಿ ಸಾಮಾನ್ಯವಾಗಿ ಸಹಜವಾಗಿಯೇ ಇರುತ್ತದೆ. ಅದನ್ನು ಕಾಣಲು ಮೂಳೆಯ ಸಾಂದ್ರತೆಯನ್ನೇ ಅಳೆಯಬೇಕು. ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರಿನಲ್ಲಿ ಮೂಳೆ ಜೊಳ್ಳಾಗುತ್ತಿದ್ದರೂ ಅಲ್ಲಿ ಕೆಡಹುವ ಕೆಲಸವೇ ಹೊರತು ಕಟ್ಟುವ ಕೆಲಸವಿಲ್ಲವಾದ್ದರಿಂದ ಅಂಕಿ ಕದಲದೆ ಇರುತ್ತದೆ. ಯಕೃತ್ತು ಬಹಳಷ್ಟು ನಶಿಸಿದ ಸಿರೋಸಿಸ್‌ನಲ್ಲಿಯೂ ಇದು ಸಹಜದ ಸನಿಹ ಇರಬಹುದು.

ರಕ್ತ ಕೊಡುವಾಗಿನ ಒಂದೆರಡು ಸೂಕ್ಷ್ಮಗಳು. ಜಿಡ್ಡಿನ ಊಟದ ನಂತರ ಕರುಳಿನ ಎಎಲ್‌ಪಿ ರಕ್ತಕ್ಕೆ ಸೇರುತ್ತದೆ. ಓ ಮತ್ತು ಬಿ ರಕ್ತಗುಂಪಿನ ಹಲವರಲ್ಲಿ ಈ ಏರಿಕೆ ಎದ್ದು ಕಾಣುವಷ್ಟಿರುತ್ತದೆ. ಬೆಣ್ಣೆ ದೋಸೆ ತಿಂದು ನೆಟ್ಟಗೆ ಪ್ರಯೋಗಶಾಲೆಗೆ ಹೋದವರು ಲಿವರಿನ ಮೇಲೆ ದೂರು ಹೊರಿಸುವುದು ಅನ್ಯಾಯ. ರಾತ್ರಿಯ ಊಟದ ನಂತರ ಹತ್ತು ಹನ್ನೆರಡು ಗಂಟೆ ಬಿಟ್ಟು ರಕ್ತ ಕೊಡುವುದು ಲೇಸು. ಸ್ವಲ್ಪವೇ ಏರಿ ಬೇರಾವ ತೊಂದರೆಯೂ ಇಲ್ಲದಿದ್ದರೆ, ಕೆಲವು ವಾರಗಳ ಬಳಿಕ ಅದೇ ಪ್ರಯೋಗಶಾಲೆಯಲ್ಲಿ ಇನ್ನೊಮ್ಮೆ ನೋಡಿಸುವುದನ್ನೇ ವೈದ್ಯರು ಹೇಳುತ್ತಾರೆ.

ಅಂಕಿ ತೀರ ಕೆಳಗಿದ್ದರೆ ಯಾರೂ ಗಮನಿಸುವುದಿಲ್ಲ. ಕಡಿಮೆಯಿದ್ದಷ್ಟೂ ಒಳ್ಳೆಯದೆಂಬ ಭ್ರಮೆ. ರಕ್ತವನ್ನು ನೇರಿಳೆ ಮುಚ್ಚಳದ ಇಡಿಟಿಎ ನಳಿಕೆಯಲ್ಲಿ ಹಾಕಿದ್ದರೆ ಈ ಕಿಣ್ವಕ್ಕೆ ಬೇಕಾದ ಸತು ಮತ್ತು ಮೆಗ್ನೀಷಿಯಂ ಅದರಲ್ಲಿ ಬಂಧಿತವಾಗಿ ಅಂಕಿ ಸುಳ್ಳಾಗಿ ಕುಸಿಯುತ್ತದೆ. ಸತುವಿನ ಕೊರತೆಯಲ್ಲಿ, ಥೈರಾಯಿಡ್ ಮಂದವಾದಾಗ ಅಂಕಿ ನಿಜವಾಗಿಯೇ ಇಳಿಯಬಹುದು. ಹುಟ್ಟಿನಿಂದಲೇ ಈ ಕಿಣ್ವ ಸಾಲದಿರುವ ಹೈಪೋಫಾಸ್ಫಟೇಸಿಯಾ ಎಂಬ ವಂಶವಾಹಿ ರೋಗ ಅತಿ ವಿರಳ. ಕೆನಡಾದ ವೈದ್ಯ ರಾಥ್‌ಬನ್ 1948ರಲ್ಲಿ ಅದಕ್ಕೆ ಹೆಸರಿಟ್ಟನು. ಮಗುವಿನ ಹಾಲುಹಲ್ಲು ಐದು ವರ್ಷ ತುಂಬುವ ಮೊದಲೇ ಬೇರುಸಮೇತ ಉದುರಿದರೆ, ಎಎಲ್‌ಪಿ ಆ ವಯಸ್ಸಿನ ಕನಿಷ್ಠ ಮಿತಿಗಿಂತ ಕೆಳಗಿದ್ದರೆ, ದಂತವೈದ್ಯರು ಮಕ್ಕಳ ವೈದ್ಯರಿಗೆ ಚೀಟಿ ಬರೆಯಬೇಕಾದ ಸಂದರ್ಭವದು. ರಾಬಿಸನ್ 1923ರಲ್ಲಿ ಊಹಿಸಿದ್ದ ಕೆಲಸಕ್ಕಾಗಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ಅದೇ ಕಿಣ್ವವನ್ನು ಚುಚ್ಚುಮದ್ದಾಗಿ ಕೊಡುವ ಚಿಕಿತ್ಸೆಗೆ 2015ರಲ್ಲಿ ಅಮೆರಿಕ, ಯುರೋಪು ಮತ್ತು ಜಪಾನುಗಳಲ್ಲಿ ಅನುಮತಿ ದೊರೆಯಿತು.